ಕಿಮೋ ದಿನಾಂಕ, ಮತದಾನದ ದಿನಾಂಕ, ಉಯಿಲು: ಕ್ಯಾನ್ಸರ್ ಚಿಕಿತ್ಸೆಯ ನಡುವೆ ರಾಜಕೀಯವನ್ನೂ ನಾಳೆಯನ್ನೂ ಕೈಬಿಡದಿರಲು ಒಂದು ಮಾರ್ಗದರ್ಶಿ

ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ಮನೆಯವರು ರೋಗಿಯ ಕೈಯಿಂದ ಪತ್ರಿಕೆಯನ್ನೂ ಟಿವಿ ರಿಮೋಟನ್ನೂ ತೆಗೆದಿಡುತ್ತಾರೆ. ‘ಇನ್ನು ನಿಮಗೆ ರಾಜಕೀಯದ ಗೊಡವೆ ಯಾಕೆ, ನೆಮ್ಮದಿಯಾಗಿ ಮಲಗಿ’ ಎನ್ನುತ್ತಾರೆ. ಪ್ರೀತಿಯ ಮಾತೇ, ಆದರೆ ನನಗೆ ಒಪ್ಪಿಗೆಯಿಲ್ಲ. ಜೀವಮಾನವಿಡೀ ಯಾರು ಗೆದ್ದರು, ಯಾರು ಪಕ್ಷ ಬಿಟ್ಟರು, ನೀರಿನ ತೀರ್ಪು ಏನಾಯಿತು ಎಂದು ತಲೆ ಕೆಡಿಸಿಕೊಂಡವರಿಂದ ಅದನ್ನು ಕಿತ್ತುಕೊಂಡರೆ ಉಳಿಯುವುದು ಕಾಯಿಲೆಯೊಂದೇ. ಅದೂ ಅಲ್ಲದೆ ಕ್ಯಾನ್ಸರ್ ರೋಗಿಗೆ ರಾಜಕೀಯ ಹೊತ್ತು ಹೋಗಲೆಂದು ನೋಡುವ ಆಟವಲ್ಲ. ಔಷಧದ ಬೆಲೆ, ಆಸ್ಪತ್ರೆಯ ಕಾರ್ಡು, ಬಸ್ಸಿನ ಟಿಕೆಟ್ಟು, ಕೊನೆಗಾಲದ ಹಕ್ಕು ಎಲ್ಲವೂ ಸರ್ಕಾರದ ಆದೇಶಗಳಿಂದಲೇ ಬರುತ್ತವೆ. ರಾಜಕೀಯವನ್ನು ಬಿಡುವುದು ಬೇಡ, ಚಿಕಿತ್ಸೆಯ ಲೆಕ್ಕಕ್ಕೆ ಹೊಂದಿಸಿಕೊಂಡರೆ ಸಾಕು. ಅದು ಹೇಗೆಂದು ಕರ್ನಾಟಕದಲ್ಲಿ ಚಿಕಿತ್ಸೆ ಪಡೆಯುವವರನ್ನೂ ಅವರ ಜೊತೆ ಓಡಾಡುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ದೇಹಕ್ಕೆ ಸಂಬಂಧಿಸಿದ್ದರಲ್ಲಿ ನಿಮ್ಮ ವೈದ್ಯರ ಮಾತೇ ಕೊನೆಯ ಮಾತು.

ಹೆಜ್ಜೆ 1: ಗೋಡೆಗೆ ಒಂದೇ ಕ್ಯಾಲೆಂಡರ್ ಹಾಕಿ

ಕಿಮೋದ ಹಲವು ಔಷಧಗಳನ್ನು 21 ದಿನಗಳಿಗೊಮ್ಮೆ ಕೊಡುತ್ತಾರೆ. ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಕೊಡುವವೂ ಇವೆ. ನಿಮ್ಮದು ಯಾವುದೆಂದು ಕೇಳಿ ಬರೆದುಕೊಳ್ಳಿ. 21 ದಿನಗಳ ಸೈಕಲ್ (ಕಿಮೋದ ಒಂದು ಸುತ್ತು) ಆದರೆ ಅದರ ಸ್ವಭಾವ ಸ್ಥೂಲವಾಗಿ ಹೀಗಿರುತ್ತದೆ: ಮೊದಲ ನಾಲ್ಕೈದು ದಿನ ವಾಕರಿಕೆ, ಸುಸ್ತು, ಬಾಯಿರುಚಿ ಕೆಡುವುದು. ಸುಮಾರು 7ರಿಂದ 14ನೇ ದಿನದ ನಡುವೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಕುಸಿದಿರುತ್ತವೆ. ವಾರ್ಡಿನ ಭಾಷೆಯಲ್ಲಿ ಹೇಳುವುದಾದರೆ ‘ಕೌಂಟ್ ಬಿದ್ದಿರುತ್ತದೆ’. ಮೂರನೇ ವಾರ ದೇಹ ಚೇತರಿಸಿಕೊಳ್ಳುತ್ತದೆ, ಊಟ ಸೇರುತ್ತದೆ, ಮಾತಿಗೆ ಉತ್ಸಾಹ ಬರುತ್ತದೆ.

ಆ ಮೂರನೇ ವಾರವೇ ನಿಮ್ಮ ಆಸ್ತಿ. ಬ್ಯಾಂಕು, ಉಪನೋಂದಣಾಧಿಕಾರಿ ಕಚೇರಿ, ಶಾಸಕರ ಕಚೇರಿ, ಮನೆಮಂದಿಯ ಗಂಭೀರ ಮಾತುಕತೆ ಎಲ್ಲವನ್ನೂ ಅಲ್ಲಿಗೆ ತಳ್ಳಿ. ಕ್ಯಾಲೆಂಡರಿನಲ್ಲಿ ಮೂರು ವಾರಗಳಿಗೆ ಮೂರು ಬಣ್ಣ ಬಳಿಯಿರಿ. ಅದೇ ಹಾಳೆಯಲ್ಲಿ ಚುನಾವಣೆ, ಬಜೆಟ್, ಅಧಿವೇಶನದ ದಿನಗಳನ್ನೂ ಗುರುತು ಹಾಕಿ.

ಒಂದು ಉದಾಹರಣೆ ನೋಡಿ. 2023ರ ವಿಧಾನಸಭಾ ಚುನಾವಣೆಯ ವೇಳಾಪಟ್ಟಿ ಪ್ರಕಟವಾದದ್ದು ಮಾರ್ಚ್ 29ರಂದು, ಮತದಾನ ನಡೆದದ್ದು ಮೇ 10ರಂದು. ನಡುವೆ ಇದ್ದದ್ದು 42 ದಿನ, ಅಂದರೆ ಸರಿಯಾಗಿ ಎರಡು ಸೈಕಲ್. ಪ್ರಕಟಣೆಯ ದಿನವೇ ಲೆಕ್ಕ ಹಾಕಿದರೆ ಮತದಾನ ನಿಮ್ಮ ಯಾವ ಬಣ್ಣದ ವಾರಕ್ಕೆ ಬೀಳುತ್ತದೆ ಎಂದು ಅಂದೇ ತಿಳಿಯುತ್ತದೆ. ಕೌಂಟ್ ಬೀಳುವ ವಾರಕ್ಕೆ ಬಿದ್ದರೆ ವೈದ್ಯರ ಮುಂದೆ ವಿಷಯ ಇಡಿ. ಒಂದೆರಡು ದಿನ ಹೊಂದಿಸಬಹುದೇ ಎಂದು ಕೇಳುವುದು ತಪ್ಪಲ್ಲ. ಆಗುವುದಿಲ್ಲ ಎಂದರೆ ಅಲ್ಲಿಗೆ ಬಿಡಿ. ಮತಕ್ಕಾಗಿ ನೀವಾಗಿ ಕಿಮೋ ಮುಂದೂಡಬೇಡಿ.

ರೇಡಿಯೇಷನ್, ನಮ್ಮ ಕಡೆ ‘ಕರೆಂಟ್ ಕೊಡುವುದು’ ಎನ್ನುವ ಚಿಕಿತ್ಸೆ, ವಾರಕ್ಕೆ ಐದು ದಿನ ನಡೆಯುತ್ತದೆ. ಮತದಾನದ ದಿನ ಸಾರ್ವತ್ರಿಕ ರಜೆ ಇರುವುದರಿಂದ ಹೊರರೋಗಿ ವಿಭಾಗ ತೆರೆದಿರುತ್ತದೆಯೇ, ತಪ್ಪಿದ ಒಂದು ದಿನವನ್ನು ಯಾವಾಗ ಸೇರಿಸುತ್ತಾರೆ ಎಂದು ಒಂದು ವಾರ ಮೊದಲೇ ಕೇಳಿಕೊಳ್ಳಿ.

ಹೆಜ್ಜೆ 2: ಸುದ್ದಿಗೆ ಅಳತೆ ಇರಲಿ

ಕಿಮೋಗೆ ಮುಂಚೆ ವಾಂತಿಯಾಗದಂತೆ, ಅಲರ್ಜಿಯಾಗದಂತೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುವುದು ವಾಡಿಕೆ. ಅದರಿಂದ ಆ ರಾತ್ರಿ ಹಲವರಿಗೆ ನಿದ್ದೆ ಹತ್ತುವುದಿಲ್ಲ. ಮನಸ್ಸು ಕುದಿಯುತ್ತಿರುತ್ತದೆ, ಸಣ್ಣದಕ್ಕೂ ರೇಗುತ್ತದೆ. ಅಂಥ ರಾತ್ರಿ ಎರಡು ಗಂಟೆಗೆ ಕೈಯಲ್ಲಿ ಮೊಬೈಲ್, ಪರದೆಯ ಮೇಲೆ ಏಳು ಜನ ಒಟ್ಟಿಗೆ ಕಿರುಚುವ ಚರ್ಚೆ ಸಿಕ್ಕಿತೆಂದರೆ ಬೆಳಗಾಗುವುದರೊಳಗೆ ಅರ್ಧ ಸಂಬಂಧಿಕರ ಜೊತೆ ಜಗಳ ಮುಗಿದಿರುತ್ತದೆ. ಈ ಸಿಟ್ಟಿನಲ್ಲಿ ಔಷಧದ ಪಾಲೂ ಇದೆ ಎಂದು ರೋಗಿಗೂ ಮನೆಯವರಿಗೂ ಗೊತ್ತಿರಬೇಕು.

ಆದ್ದರಿಂದ ಕಿಮೋ ದಿನ ಮತ್ತು ಅದರ ಮರುದಿನ ಪತ್ರಿಕೆ ಸಾಕು, ಟಿವಿ ಚರ್ಚೆ ಬೇಡ. ಉಳಿದ ದಿನಗಳಲ್ಲಿ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಒಂದು ವಾರ್ತೆ. ಕೈಯಲ್ಲಿ ಡ್ರಿಪ್ ಸೂಜಿ ಇರುವಾಗ ಪತ್ರಿಕೆ ಓದಲು ಅದನ್ನು ನಾಲ್ಕು ಮಡಿಕೆ ಮಾಡಿ, ಒಂದು ಸುದ್ದಿಯಷ್ಟೇ ಕಾಣುವಂತೆ ತೊಡೆಯ ಮೇಲಿಟ್ಟುಕೊಳ್ಳಿ. ಇನ್ನೊಂದು ಕೈಯೊಂದರಿಂದಲೇ ತಿರುಗಿಸಬಹುದು, ಸೂಜಿ ಅಲುಗುವುದಿಲ್ಲ. ಕಿಮೋ ಕೊಟ್ಟು ಅಂದೇ ಮನೆಗೆ ಕಳಿಸುವ ಡೇ ಕೇರ್ ಕೊಠಡಿಯಲ್ಲಿ ನಿಮ್ಮ ಪುಟ ಮುಗಿಯುವುದನ್ನೇ ಪಕ್ಕದ ಕುರ್ಚಿಯವರು ಕಾಯುತ್ತಿರುತ್ತಾರೆ. ಓದಿದ ಹಾಳೆಯನ್ನು ಅವರಿಗೆ ಕೊಡಿ. ಹಾಗೆ ಶುರುವಾದ ಮಾತು ಕಾಯಿಲೆಯ ಬಗ್ಗೆ ಇರುವುದಿಲ್ಲ, ಅದೇ ದೊಡ್ಡ ಸಮಾಧಾನ.

ನೆನಪು ಮಸುಕಾಗುವುದು, ಓದಿದ್ದು ತಲೆಗೆ ಹತ್ತದಿರುವುದು ಚಿಕಿತ್ಸೆಯಲ್ಲಿ ಸಾಮಾನ್ಯ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಸಾಲು ಬರೆಯಿರಿ: ಇವತ್ತಿನ ಮುಖ್ಯ ಸುದ್ದಿ ಒಂದು, ಇವತ್ತಿನ ದೇಹಸ್ಥಿತಿ ಒಂದು. ಮುಂದಿನ ಭೇಟಿಯಲ್ಲಿ ವೈದ್ಯರು ‘ವಾಂತಿ ಯಾವತ್ತಿನಿಂದ’ ಎಂದು ಕೇಳಿದಾಗ ಈ ಪುಸ್ತಕವೇ ಉತ್ತರ ಕೊಡುತ್ತದೆ.

ಹೆಜ್ಜೆ 3: ಯಾರಿಗೆ ಎಷ್ಟು ಹೇಳಬೇಕೆಂದು ನೀವೇ ತೀರ್ಮಾನಿಸಿ

ರಾಜಕಾರಣಿಗಳೇ ಇದನ್ನು ಒಬ್ಬೊಬ್ಬರು ಒಂದೊಂದು ರೀತಿ ನಿಭಾಯಿಸಿದ್ದಾರೆ. ಬಿಹಾರದ ಮಾಜಿ ಉಪಮುಖ್ಯಮಂತ್ರಿ ಸುಶೀಲ್ ಕುಮಾರ್ ಮೋದಿ ಆರು ತಿಂಗಳಿಂದ ಕ್ಯಾನ್ಸರ್ ಜೊತೆ ಹೋರಾಡುತ್ತಿರುವುದನ್ನು 2024ರ ಏಪ್ರಿಲ್‌ನಲ್ಲಿ ಬಹಿರಂಗಪಡಿಸಿ, ಲೋಕಸಭಾ ಚುನಾವಣೆಯಲ್ಲಿ ಕೆಲಸ ಮಾಡಲಾಗುವುದಿಲ್ಲ ಎಂದು ಜನರಿಗೆ ತಿಳಿಸಿದರು. ಮೇ 13ರಂದು ತೀರಿಕೊಂಡರು. ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ್ ಪರಿಕ್ಕರ್ 2019ರ ಜನವರಿಯಲ್ಲಿ ಮೂಗಿಗೆ ನಳಿಕೆ ಹಾಕಿಕೊಂಡೇ ಬಜೆಟ್ ಮಂಡಿಸಿದರು. 2004ರ ಹೊತ್ತಿಗೆ ಬಾಯಿಯ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಶರದ್ ಪವಾರ್ ಆಮೇಲೆ ಹತ್ತು ವರ್ಷ ಕೇಂದ್ರದಲ್ಲಿ ಕೃಷಿ ಸಚಿವರಾಗಿದ್ದರು. ನೀವೂ ಸಂಘದ ಕಾರ್ಯದರ್ಶಿಯೋ, ಗ್ರಾಮ ಪಂಚಾಯಿತಿ ಸದಸ್ಯರೋ, ಪಕ್ಷದ ಬೂತ್ ಕಾರ್ಯಕರ್ತರೋ ಆಗಿದ್ದರೆ ಹುದ್ದೆ ಬಿಡಲೇಬೇಕೆಂದಿಲ್ಲ. ನಿಮ್ಮ ಕೆಲಸದಲ್ಲಿ ಯಾವುದನ್ನು ಫೋನಿನಲ್ಲೇ ಮಾಡಬಹುದು, ಯಾವುದನ್ನು ಇನ್ನೊಬ್ಬರಿಗೆ ವಹಿಸಬೇಕು ಎಂದು ಬರೆದು ಕೊಡಿ.

ಪ್ರಚಾರದ ಕಾಲದಲ್ಲಿ ಮನೆಗೆ ಬರುವವರ ಬಗ್ಗೆ ಮಾತ್ರ ಸಂಕೋಚ ಬೇಡ. ಕೌಂಟ್ ಬಿದ್ದ ವಾರದಲ್ಲಿ ಕೈಕುಲುಕುವುದು, ಹಾರ ಹಾಕಿಸಿಕೊಳ್ಳುವುದು, ಇಪ್ಪತ್ತು ಜನರ ಗುಂಪು ಹಜಾರದಲ್ಲಿ ನಿಲ್ಲುವುದು ಬೇಡವೇ ಬೇಡ. ಬಾಗಿಲಲ್ಲಿ ಮನೆಯವರೊಬ್ಬರು ನಿಂತು ‘ಡಾಕ್ಟರು ಜನರನ್ನು ಭೇಟಿ ಮಾಡಬಾರದು ಎಂದಿದ್ದಾರೆ, ಕರಪತ್ರ ಕೊಟ್ಟು ಹೋಗಿ’ ಎಂದರೆ ಯಾರೂ ಬೇಸರಪಡುವುದಿಲ್ಲ. ಆ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯಬೇಡಿ, ನೇರ ಆಸ್ಪತ್ರೆಗೆ ಹೊರಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಬಳಸಿದರೆ 112ಕ್ಕೆ ಕರೆ ಮಾಡಿ. ಚುನಾವಣೆಯ ಸಮಯದಲ್ಲಿ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲೂ ದೂರು ಕೊಡಬಹುದು.

ಹೆಜ್ಜೆ 4: ಮತ ಹಾಕಲು ಸಿದ್ಧತೆ

ಮೊದಲು ಪಟ್ಟಿಯಲ್ಲಿ ಹೆಸರಿದೆಯೇ ನೋಡಿಕೊಳ್ಳಿ. ಚಿಕಿತ್ಸೆಗೆಂದು ತಿಂಗಳುಗಟ್ಟಲೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವವರ ಮನೆಗೆ ಬೀಗ ಬಿದ್ದಿರುತ್ತದೆ. ಮತಗಟ್ಟೆ ಮಟ್ಟದ ಅಧಿಕಾರಿ ಬಂದಾಗ ಯಾರೂ ಇಲ್ಲದಿದ್ದರೆ ‘ಸ್ಥಳಾಂತರ’ ಎಂದು ಗುರುತಾಗುವ ಅಪಾಯವಿದೆ. 2025ರಲ್ಲಿ ಬಿಹಾರದಿಂದ ಆರಂಭವಾದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯನ್ನು ಗಮನಿಸಿದವರಿಗೆ ಇದು ಎಷ್ಟು ಗಂಭೀರವೆಂದು ತಿಳಿದಿರುತ್ತದೆ. ನೆರೆಮನೆಯವರಿಗೆ ವಿಷಯ ಹೇಳಿಡಿ, ಮೂರು ತಿಂಗಳಿಗೊಮ್ಮೆ ಸಹಾಯವಾಣಿ 1950ರಲ್ಲಿ ಅಥವಾ ಆಯೋಗದ ಜಾಲತಾಣದಲ್ಲಿ ಹೆಸರು ಪರೀಕ್ಷಿಸಿ. ನಿಜವಾಗಿಯೂ ಊರು ಬದಲಿಸಿದ್ದರೆ ನಮೂನೆ 8 ತುಂಬಿ.

ಆಸ್ಪತ್ರೆಯಲ್ಲಿ ಒಳರೋಗಿಯಾಗಿರುವವರಿಗೆ ಅಂಚೆ ಮತದ ಸೌಲಭ್ಯ ಇಲ್ಲ. ಇದು ನನಗೆ ನೋವಿನ ವಿಷಯ, ಬದಲಾಗಬೇಕಾದ ನಿಯಮ. ಮನೆಯಿಂದಲೇ ಮತ ಹಾಕುವ ಅವಕಾಶ ಕರ್ನಾಟಕದಲ್ಲಿ ಮೊದಲು ಬಂದದ್ದು 2023ರಲ್ಲಿ. ಆಗ 80 ದಾಟಿದವರಿಗಿತ್ತು, 2024ರ ಲೋಕಸಭಾ ಚುನಾವಣೆಗೆ ವಯಸ್ಸನ್ನು 85ಕ್ಕೆ ಏರಿಸಿದರು. ಶೇಕಡಾ 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇರುವವರಿಗೆ ವಯಸ್ಸಿನ ಮಿತಿಯಿಲ್ಲ. ಕ್ಯಾನ್ಸರ್ ತಾನೇ ಅಂಗವೈಕಲ್ಯದ ಪಟ್ಟಿಯಲ್ಲಿಲ್ಲ. ಆದರೆ ಕಾಲು ಕತ್ತರಿಸಬೇಕಾಗಿ ಬಂದಿದ್ದರೆ ಅದು ಚಲನವೈಕಲ್ಯ. ಧ್ವನಿಪೆಟ್ಟಿಗೆ ತೆಗೆದಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಹೆಸರು ಹಿಡಿದೇ ವಾಕ್ ಮತ್ತು ಭಾಷಾ ವೈಕಲ್ಯದಡಿ ಸೇರಿಸಿದೆ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಪಡೆಯಿರಿ, ಮತಕ್ಕಲ್ಲದೆ ಪಿಂಚಣಿಗೂ ಬರುತ್ತದೆ. ಮನೆ ಮತದಾನಕ್ಕೆ ನಮೂನೆ 12ಡಿಯನ್ನು ಚುನಾವಣಾ ಅಧಿಸೂಚನೆ ಹೊರಬಿದ್ದ ಐದು ದಿನಗಳೊಳಗೆ ಕೊಡಬೇಕು. ಹೀಗೆ ಕೊಟ್ಟವರು ಆಮೇಲೆ ಮತಗಟ್ಟೆಗೆ ಹೋಗಿ ಮತ ಹಾಕುವಂತಿಲ್ಲ, ಆದ್ದರಿಂದ ಯೋಚಿಸಿ ಆರಿಸಿಕೊಳ್ಳಿ. ಗ್ರಾಮ ಪಂಚಾಯಿತಿ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅಲ್ಲಿನ ವ್ಯವಸ್ಥೆಯನ್ನು ತಹಶೀಲ್ದಾರ್ ಕಚೇರಿಯಲ್ಲಿ ಬೇರೆಯಾಗಿಯೇ ವಿಚಾರಿಸಬೇಕು.

ಮತಗಟ್ಟೆಗೆ ಹೋಗುವವರು ಬೆಳಿಗ್ಗೆ ಏಳಕ್ಕೇ ಹೊರಡಬೇಡಿ, ಅದು ಸಾಲು ಉದ್ದವಿರುವ ಹೊತ್ತು. ಮಧ್ಯಾಹ್ನ ಜನ ಕಡಿಮೆ. ಮಾಸ್ಕ್ ಇರಲಿ, ನೀರಿನ ಬಾಟಲಿ ಇರಲಿ, ಡಿಸ್ಚಾರ್ಜ್ ಸಮ್ಮರಿಯ ಒಂದು ಪ್ರತಿ ಜೊತೆಗಿರಲಿ. ಅದನ್ನು ತೋರಿಸಿ ಸಾಲು ತಪ್ಪಿಸಿ ಒಳಗೆ ಬಿಡಲು ಕೇಳಿ. ಗುಂಡಿ ಒತ್ತಲೂ ಆಗದಷ್ಟು ಅಶಕ್ತರಾಗಿದ್ದರೆ 18 ತುಂಬಿದ ಒಬ್ಬ ಸಂಗಾತಿಯನ್ನು ಕರೆದೊಯ್ಯಲು ನಿಯಮದಲ್ಲೇ ಅವಕಾಶವಿದೆ.

ಇನ್ನು ಶಾಯಿಯ ವಿಷಯ. ಮೈಸೂರಿನ ಮೈಸೂರು ಪೇಂಟ್ಸ್ ಕಾರ್ಖಾನೆಯಲ್ಲಿ ತಯಾರಾಗುವ ಈ ಅಳಿಸಲಾಗದ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ, ಬಿರುಕು ಬಿಟ್ಟ ಚರ್ಮಕ್ಕೆ ಉರಿ. ಡೋಸಿಟ್ಯಾಕ್ಸೆಲ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕಿಮೋ ಔಷಧ ತೆಗೆದುಕೊಂಡವರ ಉಗುರುಗಳು ಕಪ್ಪಾಗಿ, ಬುಡದಿಂದ ಎದ್ದು, ಮುಟ್ಟಿದರೆ ನೋಯುತ್ತಿರುತ್ತವೆ. ಎಡಗೈ ತೋರುಬೆರಳು ಹಾಗಿದ್ದರೆ ಮತಗಟ್ಟೆ ಅಧಿಕಾರಿಗೆ ಮೊದಲೇ ಬೆರಳು ತೋರಿಸಿ, ಬೇರೆ ಬೆರಳಿಗೆ ಹಾಕುವಂತೆ ವಿನಂತಿಸಿ.

ಹೆಜ್ಜೆ 5: ಚುನಾವಣೆಯ ಕಾಲದ ಓಡಾಟ ಮತ್ತು ಹಣ

ನೀತಿ ಸಂಹಿತೆ ಜಾರಿಯಾದ ಮೇಲೆ ಚೆಕ್‌ಪೋಸ್ಟ್‌ಗಳಲ್ಲಿ ವಾಹನ ತಪಾಸಣೆ ಬಿಗಿಯಾಗುತ್ತದೆ. 50,000 ರೂಪಾಯಿಗಿಂತ ಹೆಚ್ಚು ನಗದು ಇದ್ದು ದಾಖಲೆ ಇಲ್ಲದಿದ್ದರೆ ಹಿಡಿದಿಡುತ್ತಾರೆ. ಶಸ್ತ್ರಚಿಕಿತ್ಸೆಗೆ ಕಟ್ಟಲು ಹಣ ತರುವ ಮನೆಯವರು ಆಸ್ಪತ್ರೆಯ ಅಂದಾಜು ಪತ್ರ, ಬ್ಯಾಂಕಿನಿಂದ ಹಣ ತೆಗೆದ ರಸೀದಿ, ರೋಗಿಯ ಕಾರ್ಡಿನ ಪ್ರತಿ ಮೂರನ್ನೂ ಜೇಬಿನಲ್ಲಿಟ್ಟುಕೊಳ್ಳಲಿ. ಸಾಧ್ಯವಾದರೆ ಹಣವನ್ನು ನೇರ ಆಸ್ಪತ್ರೆಯ ಖಾತೆಗೇ ಹಾಕಿ.

ಸಾರಿಗೆ ಸಂಸ್ಥೆಯ ಸಾವಿರಾರು ಬಸ್ಸುಗಳು ಮತದಾನದ ಹಿಂದಿನ ದಿನದಿಂದ ಚುನಾವಣಾ ಕರ್ತವ್ಯಕ್ಕೆ ಹೋಗುತ್ತವೆ. ಆ ಎರಡು ದಿನ ದೂರದ ಪ್ರಯಾಣ ಬೇಡ. ರೈಲಿನಲ್ಲಿ ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇಕಡಾ 75. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪತ್ರ ಪಡೆಯಬೇಕು. ರಾಜ್ಯದ ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ದೂರದ ಜಿಲ್ಲೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವ ತಾಯಂದಿರಿಗೆ ಇದು ಎಷ್ಟು ದೊಡ್ಡ ಆಸರೆ ಎಂದು ಆ ಆಸ್ಪತ್ರೆಯ ಆವರಣದಲ್ಲಿ ಒಂದು ಬೆಳಿಗ್ಗೆ ಕೂತರೆ ತಿಳಿಯುತ್ತದೆ. ಬಂದ್ ಕರೆಗಳ ಮೇಲೂ ಕಣ್ಣಿಡಿ. 2023ರ ಸೆಪ್ಟೆಂಬರ್‌ನಲ್ಲಿ ಕಾವೇರಿ ವಿಷಯಕ್ಕೆ ಒಂದೇ ವಾರದಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎರಡೂ ನಡೆದವು. ಆಸ್ಪತ್ರೆ, ಔಷಧ ಅಂಗಡಿಗೆ ವಿನಾಯಿತಿ ಇರುತ್ತದೆ, ಆಟೋ ಸಿಗುವ ಭರವಸೆ ಇರುವುದಿಲ್ಲ. ಮರುದಿನ ಕಿಮೋ ಇದ್ದರೆ ಹಿಂದಿನ ಸಂಜೆಯೇ ಆಸ್ಪತ್ರೆಯ ಹತ್ತಿರ ಬಂದು ಉಳಿಯಿರಿ.

ಹೆಜ್ಜೆ 6: ಬಜೆಟ್ಟನ್ನು ರೋಗಿಯ ಕಣ್ಣಿನಿಂದ ಓದಿ

ಬಜೆಟ್ ದಿನ ಎಲ್ಲರೂ ಆದಾಯ ತೆರಿಗೆಯ ಪಟ್ಟಿ ನೋಡುತ್ತಾರೆ. ನೀವು ಸುಂಕ ಮತ್ತು ಆರೋಗ್ಯದ ಪುಟ ತೆರೆಯಿರಿ. 2019ರ ಫೆಬ್ರವರಿಯಲ್ಲಿ 42 ಕ್ಯಾನ್ಸರ್ ಔಷಧಗಳ ಮಾರಾಟ ಲಾಭಾಂಶಕ್ಕೆ ಶೇಕಡಾ 30ರ ಮಿತಿ ಹಾಕಿದರು. 2024ರ ಜುಲೈ ಬಜೆಟ್ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್, ಒಸಿಮರ್ಟಿನಿಬ್, ದುರ್ವಾಲುಮ್ಯಾಬ್ ಎಂಬ ಮೂರು ಔಷಧಗಳ ಆಮದು ಸುಂಕ ತೆಗೆಯಿತು. 2025ರ ಫೆಬ್ರವರಿಯಲ್ಲಿ ಇನ್ನೂ 36 ಜೀವರಕ್ಷಕ ಔಷಧಗಳಿಗೆ ವಿನಾಯಿತಿ ಬಂತು, ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವ ಘೋಷಣೆಯೂ ಆಯಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ 33 ಜೀವರಕ್ಷಕ ಔಷಧಗಳ ಜಿಎಸ್‌ಟಿ ಸೊನ್ನೆಗೆ ಇಳಿಯಿತು.

ಇಂಥ ಸುದ್ದಿ ಬಂದ ದಿನ ಕತ್ತರಿಸಿ ಫೈಲಿನಲ್ಲಿಡಿ. ಮುಂದಿನ ಬಾರಿ ಔಷಧ ಕೊಳ್ಳುವಾಗ ಹಳೆಯ ಬಿಲ್ಲು, ಹೊಸ ಬಿಲ್ಲು ಪಕ್ಕಪಕ್ಕ ಇಟ್ಟು ಬೆಲೆ ಇಳಿಯಿತೇ ನೋಡಿ, ಇಳಿಯದಿದ್ದರೆ ಅಂಗಡಿಯವರನ್ನು ಕೇಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಕಿಮೋ ಕೊಡುವ ವ್ಯವಸ್ಥೆ ಶುರುವಾಗಿದ್ದರೆ ನಿಮ್ಮ ಮುಂದಿನ ಸೈಕಲ್‌ಗಳನ್ನು ಅಲ್ಲೇ ತೆಗೆದುಕೊಳ್ಳಬಹುದೇ ಎಂದು ನಿಮ್ಮ ವೈದ್ಯರನ್ನು ವಿಚಾರಿಸಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30, ಗರಿಷ್ಠ ಒಂದೂವರೆ ಲಕ್ಷ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಶಿಫಾರಸು ಪತ್ರದೊಂದಿಗೆ ಅರ್ಜಿ ಹಾಕುವುದು ರೂಢಿ. ನೀತಿ ಸಂಹಿತೆ ಬಂದರೆ ಕಚೇರಿಗಳ ಗಮನವೆಲ್ಲ ಚುನಾವಣೆಯ ಕಡೆ ಹೊರಳುತ್ತದೆ, ಆದ್ದರಿಂದ ಚುನಾವಣೆಯ ಸುಳಿವು ಕಂಡಾಗಲೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನೀವು ಮತ ಹಾಕದ ಪಕ್ಷದ ಶಾಸಕರೂ ನಿಮ್ಮ ಶಾಸಕರೇ. ಪತ್ರ ಕೇಳಲು ಹಿಂಜರಿಯಬೇಡಿ.

ಹೆಜ್ಜೆ 7: ಬೆರಳಚ್ಚು ಅಳಿಯುವ ಮುನ್ನ

ಕ್ಯಾಪೆಸಿಟಬಿನ್ ಎಂಬ ಕಿಮೋ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಏಳುವುದುಂಟು, ಕೆಲವರಿಗೆ ಬೆರಳಚ್ಚೇ ಮಾಸಿಹೋಗುತ್ತದೆ. ನ್ಯಾಯಬೆಲೆ ಅಂಗಡಿಯ ಯಂತ್ರ ಹೆಬ್ಬೆರಳನ್ನು ಒಪ್ಪದಿದ್ದಾಗ ರೋಗಿಯನ್ನು ಮತ್ತೆ ಮತ್ತೆ ಅಲೆಸುವುದು ಅನ್ಯಾಯ. ಚಿಕಿತ್ಸೆ ಶುರುವಾಗುವ ಮೊದಲೇ ಆಧಾರ್‌ಗೆ ಈಗಿನ ಮೊಬೈಲ್ ಸಂಖ್ಯೆ ಜೋಡಿಸಿ, ಒಟಿಪಿ ಬರುವಂತಾಗಲಿ. ಪಡಿತರಕ್ಕೆ ಮನೆಯ ಇನ್ನೊಬ್ಬ ಸದಸ್ಯರ ಬೆರಳಚ್ಚು ದಾಖಲಾಗಿರಲಿ. ಪಿಂಚಣಿದಾರರು ನವೆಂಬರ್‌ನ ಜೀವನ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿಯೇ ಕೊಡಬಹುದು. ಆಸ್ತಿ ನೋಂದಣಿಗೂ ಬೆರಳಚ್ಚು ಬೇಕು, ಅಂಥ ಕೆಲಸವಿದ್ದರೆ ಮೊದಲೇ ಮುಗಿಸಿಕೊಳ್ಳಿ.

ಹೆಜ್ಜೆ 8: ಉಯಿಲು, ನಾಮಿನಿ, ಪಹಣಿ

ಉಯಿಲು ಬರೆದರೆ ಸಾವು ಹತ್ತಿರ ಬರುತ್ತದೆ ಎಂಬ ಅಂಜಿಕೆ ನಮ್ಮಲ್ಲಿ ಬಹಳ. ಗುಣವಾಗಿ ಮನೆಗೆ ಬಂದವರೂ ಬರೆದಿಟ್ಟಿದ್ದಾರೆ, ಬರೆಯದೆ ಆರೋಗ್ಯವಾಗಿದ್ದವರು ಅಪಘಾತದಲ್ಲಿ ಹೋಗಿ ಮಕ್ಕಳು ಕೋರ್ಟು ಅಲೆದಿದ್ದಾರೆ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಇಬ್ಬರು ಸಾಕ್ಷಿಗಳು ನಿಮ್ಮೆದುರು ಸಹಿ ಹಾಕಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಒಳಿತು. ಹಾಸಿಗೆ ಹಿಡಿದಿದ್ದರೆ ಉಪನೋಂದಣಾಧಿಕಾರಿ ಮನೆಗೆ ಬರಲು ಕಾನೂನಿನಲ್ಲಿ ಅವಕಾಶವಿದೆ. ಸಹಿ ಹಾಕುವ ದಿನ ಮೂರನೇ ವಾರದಲ್ಲಿರಲಿ, ಮಾರ್ಫಿನ್ ಮಂಪರಿನಲ್ಲೋ ಸ್ಟೀರಾಯ್ಡ್ ಆವೇಶದಲ್ಲೋ ಬೇಡ. ‘ಮನಸ್ಸಿನ ಸ್ವಾಸ್ಥ್ಯ ಸರಿಯಿದೆ’ ಎಂದು ಅದೇ ದಿನಾಂಕದ ವೈದ್ಯರ ಚೀಟಿ ಲಗತ್ತಿಸಿದರೆ ಮುಂದಿನ ತಕರಾರು ಅರ್ಧ ಕಡಿಮೆ.

ಬ್ಯಾಂಕ್ ಖಾತೆಯ ನಾಮಿನಿ ಎಂದರೆ ವಾರಸುದಾರರಲ್ಲ, ಹಣ ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದವರು ಎಂಬುದನ್ನು ಮನೆಯಲ್ಲಿ ಬಿಡಿಸಿ ಹೇಳಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಇಡಬಹುದು. ಚಿಕಿತ್ಸೆಯ ಖರ್ಚಿಗೆ ಇಬ್ಬರಲ್ಲಿ ಯಾರಾದರೂ ತೆಗೆಯಬಹುದಾದ ಜಂಟಿ ಖಾತೆ ಮಾಡಿ. ಅಧಿಕಾರ ಪತ್ರ ಕೊಟ್ಟರೆ ಅದು ಕೊಟ್ಟವರ ಜೀವದೊಂದಿಗೇ ಮುಗಿಯುತ್ತದೆ, ಉಯಿಲಿನ ಬದಲಿಗೆ ಅದು ಬರುವುದಿಲ್ಲ. ಜಮೀನಿನ ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಪೌತಿ ಖಾತೆಗೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ) ಈಗಲೇ ಅರ್ಜಿ ಹಾಕಿ. ಊರಿನ ಹಿರಿಯರ ವಂಶವೃಕ್ಷ ನೆನಪಿರುವುದು ಬಹುಶಃ ನಿಮಗೊಬ್ಬರಿಗೇ.

ಹೆಜ್ಜೆ 9: ಕೊನೆಗಾಲದ ಇಚ್ಛೆಯನ್ನು ಬರೆದಿಡಿ

ರಾಜಕೀಯ ಮತ್ತು ಹಾಸಿಗೆಯ ಪಕ್ಕದ ಮಾತು ಒಂದಾಗುವುದು ಇಲ್ಲೇ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿಯಿತು. ಆದರೆ ವಿಧಿವಿಧಾನ ಎಷ್ಟು ಜಟಿಲವಾಗಿತ್ತೆಂದರೆ ಬಳಸುವಂತೆಯೇ ಇರಲಿಲ್ಲ. 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಿದರು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ವರ್ಷಗಟ್ಟಲೆ ಸರ್ಕಾರಗಳಿಗೆ ಪತ್ರ ಬರೆದವರು. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಸರ್ಕಾರ ಆಸ್ಪತ್ರೆಗಳಲ್ಲಿ ವೈದ್ಯಕೀಯ ಮಂಡಳಿ ರಚಿಸಿ ಇದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು.

ಇಂಥ ಇಚ್ಛೆಯನ್ನು ಬರೆದಿಡುವ ಪತ್ರಕ್ಕೆ ‘ಮುಂಗಡ ನಿರ್ದೇಶನ’ ಎನ್ನುತ್ತಾರೆ. ಅದಕ್ಕಾಗಿ ಈಗ ಮಾಡಬೇಕಾದದ್ದು ಇಷ್ಟು: ಗುಣವಾಗುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ, ನೀವೇ ಮಾತನಾಡಲಾಗದಿದ್ದಾಗ, ವೆಂಟಿಲೇಟರ್ ಬೇಕೇ, ಬೇಡವೇ, ಯಾವಾಗ ನಿಲ್ಲಿಸಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ನಿಮ್ಮ ಪರವಾಗಿ ತೀರ್ಮಾನಿಸುವ ಆಪ್ತರನ್ನು ಹೆಸರಿಸಿ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು. ನೋವು ನಿವಾರಣೆ ಇದರಿಂದ ನಿಲ್ಲುವುದಿಲ್ಲ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಹಣ ಪಡೆಯದೆ ಆರೈಕೆ ಮಾಡುತ್ತವೆ. ನೋವು, ಸಂಕಟ ತಗ್ಗಿಸುವ ಉಪಶಾಮಕ ಚಿಕಿತ್ಸೆಯ ವೈದ್ಯರನ್ನು ಕೊನೆಯ ವಾರಕ್ಕೆಂದು ಕಾಯದೆ ಚಿಕಿತ್ಸೆಯ ನಡುವೆಯೇ ಭೇಟಿಯಾಗಿ.

ಹೆಜ್ಜೆ 10: ಫೈಲು

ಒಂದು ಗಟ್ಟಿ ಚೀಲದ ಫೈಲು, ಒಳಗೆ ಮೂರು ವಿಭಾಗ. ಮೊದಲನೆಯದರಲ್ಲಿ ಬಯಾಪ್ಸಿ ವರದಿ, ಸ್ಕ್ಯಾನ್, ಕಿಮೋ ಚೀಟಿಗಳು. ಎರಡನೆಯದರಲ್ಲಿ ಪಡಿತರ ಚೀಟಿ, ಆಧಾರ್, ಮತದಾರರ ಗುರುತಿನ ಚೀಟಿ, ಅರ್ಜಿಗಳ ಸ್ವೀಕೃತಿ. ಮೂರನೆಯದರಲ್ಲಿ ಉಯಿಲಿನ ಪ್ರತಿ, ಮುಂಗಡ ನಿರ್ದೇಶನದ ಪ್ರತಿ, ವಿಮೆ ಮತ್ತು ಬ್ಯಾಂಕಿನ ವಿವರ. ಮನೆಯ ಇಬ್ಬರಿಗೆ ಇದು ಎಲ್ಲಿದೆ ಎಂದು ಗೊತ್ತಿರಲಿ, ಮೊಬೈಲಿನಲ್ಲಿ ಪ್ರತಿ ಪುಟದ ಚಿತ್ರವಿರಲಿ. ಮೂಲ ಉಯಿಲನ್ನು ಮಾತ್ರ ಆಸ್ಪತ್ರೆಗೆ ಒಯ್ಯಬೇಡಿ, ಅದು ಮನೆಯ ಬೀರುವಿನಲ್ಲೇ ಇರಲಿ.